ಆರು ಜನಕ್ಕೆ ಹನ್ನೆರಡು ಕೋಣೆ

ಹೊಸ ಮಿಷನ್ನಿನ ಗಡಿಯಾರಕ್ಕೆ ಹುಚ್ಚು ಹಿಡಿದಿದೆ ಎಂದು ದೇವಾಲದ ಎಸ್ಟೇಟಿನಿಂದ ಫೋನು ಬಂದಾಗ ವೀಣಾಗೆ ಮೊದಲು ಬಂದದ್ದು ಸಿಟ್ಟು. ಕೂರಿಸಿ ಹನ್ನೊಂದು ದಿನ ಆಗಿದೆಯಷ್ಟೆ, ಆಗಲೇ ಕೊಂಕು. ಗೂಡಲೂರು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅವಳದೊಂದು ರಿಪೇರಿ ಅಂಗಡಿ. ಟಿವಿ, ಇನ್ವರ್ಟರು, ಸೋಲಾರ್ ಬೇಲಿಗೆ ಕರೆಂಟು ಹರಿಸುವ ಡಬ್ಬಿ, ಯಾರು ಏನು ತಂದಿಟ್ಟರೂ ಬಿಚ್ಚುತ್ತಾಳೆ. ಊಟಿಯಲ್ಲಿ ಡಿಪ್ಲೊಮಾ ಓದಿದವಳು, ಸಿ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯಬಲ್ಲವಳು, ಆ ಸಂಗತಿಯನ್ನು ಎದುರಿನವರಿಗೆ ಎರಡನೇ ಮಾತಿನಲ್ಲೇ ತಿಳಿಸಿಬಿಡುವವಳು.

ಆ ಮಿಷನ್ ಆನೆ ಬಂದರೆ ಕೂಗುವಂಥದ್ದು. ಎಸ್ಟೇಟಿನ ಸುತ್ತ ಆನೆ ನಡೆಯುವ ದಾರಿಗಳಲ್ಲಿ ಮೂರು ಕಂಬ ನೆಟ್ಟಿದ್ದರು. ಪ್ರತಿ ಕಂಬದಿಂದ ಎದುರಿನ ಗೂಟಕ್ಕೆ, ಆಳಿನ ತಲೆಗಿಂತ ಎತ್ತರದಲ್ಲಿ, ಕಣ್ಣಿಗೆ ಕಾಣದ ಬೆಳಕಿನ ಗೆರೆಯೊಂದು ಹಾಯುತ್ತದೆ. ದನ, ಜಿಂಕೆ, ಮನುಷ್ಯ ಅದರ ಅಡಿಯಲ್ಲೇ ಹೋಗಿಬಿಡುತ್ತಾರೆ. ಆನೆ ಮಾತ್ರ ಗೆರೆ ಕಡಿಯುತ್ತದೆ. ಕಡಿದ ಕೂಡಲೇ ಕಂಬ ಆಫೀಸಿನಲ್ಲಿರುವ ಡಬ್ಬಿಗೆ ರೇಡಿಯೊದಲ್ಲಿ ಮೂರೇ ಮಾತಿನ ಸುದ್ದಿ ಕಳಿಸುತ್ತದೆ: ನಾನು ಎಷ್ಟನೇ ಕಂಬ, ಈಗ ಸಮಯ ಎಷ್ಟು, ನನ್ನ ಬ್ಯಾಟರಿಯಲ್ಲಿ ಚಾರ್ಜು ಎಷ್ಟು. ಡಬ್ಬಿ ಅದನ್ನು ಓದಿ ಸೈರನ್ ಊದುತ್ತದೆ. ಒಂದನೇ ಕಂಬಕ್ಕೆ ಒಂದು ಊದು, ಮೂರನೇ ಕಂಬಕ್ಕೆ ಮೂರು.

ಪ್ರಾಣ ಇದ್ದದ್ದು ಆ ಎಣಿಕೆಯಲ್ಲಿ. ಏಳನೇ ನಂಬರಿನ ತೋಟ ಕಡಿದಾದ ಇಳಿಜಾರು. ಮೇಲ್ತುದಿಯಲ್ಲಿ ಕಾಡು, ಅಲ್ಲಿ ಒಂದನೇ ಕಂಬ. ಕೆಳಗೆ ಹಳ್ಳ, ಅಲ್ಲಿ ಮೂರನೇ ಕಂಬ. ಎರಡನೆಯದು ದೂರ, ಫ್ಯಾಕ್ಟರಿ ರಸ್ತೆಯ ಬದಿಗೆ. ಒಂದು ಊದಿದರೆ ಆನೆ ಮೇಲಿಂದ ಇಳಿಯುತ್ತಿದೆ ಎಂದರ್ಥ, ಎಲೆ ಕೀಳುವವರು ಕೆಳಗಿನ ಪಂಪ್‌ಹೌಸಿಗೆ ಓಡಬೇಕು. ಮೂರು ಊದಿದರೆ ಆನೆ ಹಳ್ಳದಿಂದ ಹತ್ತುತ್ತಿದೆ, ಮೇಲೆ ಎಲೆ ತೂಗುವ ಶೆಡ್ಡಿಗೆ ಓಡಬೇಕು. ಎಣಿಕೆ ತಪ್ಪಿತೋ, ಓಡುವವರು ನೆಟ್ಟಗೆ ಆನೆಯ ಕಾಲಿಗೇ ಓಡಿದ ಹಾಗೆ.

ಹಳೆಯ ಡಬ್ಬಿ ಮೇ ತಿಂಗಳ ಸಿಡಿಲಿಗೆ ಸುಟ್ಟುಹೋಗಿತ್ತು. ಅದರೊಳಗಿದ್ದದ್ದು ಎಂಟು ಬಿಟ್ಟಿನ ಮುದಿ ಚಿಪ್ಪು, ಈಗ ಹುಡುಕಿದರೂ ಸಿಗುವುದಿಲ್ಲ. ವೀಣಾ ಮೂವತ್ತೆರಡು ಬಿಟ್ಟಿನ ಹೊಸ ಬೋರ್ಡು ತರಿಸಿ, ಹಳೆಯ ಪ್ರೋಗ್ರಾಮನ್ನು ಇದ್ದ ಹಾಗೆಯೇ ಅದಕ್ಕೆ ತುಂಬಿಸಿದಳು. "ಒಂದಕ್ಷರ ಬದಲಾಯಿಸಿಲ್ಲ ಸಾರ್," ಎಂದು ಮ್ಯಾನೇಜರಿಗೆ ಹೇಳುವಾಗ ಅವಳ ದನಿಯಲ್ಲಿ ಜಂಬವಿತ್ತು. ಇರಲಿ ಪಾಪ, ಜಂಬ ಪಡುವಂಥ ಕೆಲಸವೇ. ಅವಳ ತಾಯಿ ಕೆಂಪಾಜಮ್ಮ ಅದೇ ಎಸ್ಟೇಟಿನಲ್ಲಿ ಮೂವತ್ತೈದು ವರ್ಷದಿಂದ ಎಲೆ ಕೀಳುವವಳು. ಏಳನೇ ನಂಬರಿನ ಹನ್ನೆರಡು ಹೆಂಗಸರ ತಂಡಕ್ಕೆ ಮುಂದಾಳು. ಡಬ್ಬಿ ಕೂರಿಸಿದ ದಿನ ಆಕೆ ಪಾಡಿಯ ಪ್ರತಿ ಬಾಗಿಲಿಗೂ ಹೋಗಿ, "ನನ್ ಮಗಳ ಮಿಷನ್ನು" ಎಂದು ಸಾರಿ ಬಂದಿದ್ದಳು. ಪಾಡಿ ಅಂದರೆ ಎಸ್ಟೇಟಿನ ಲೈನ್ ಮನೆ, ಉದ್ದಕ್ಕೂ ಒಂದೇ ಸೂರಿನ ಕೋಣೆಗಳ ಸಾಲು. ವೀಣಾ ಹುಟ್ಟಿ ಬೆಳೆದದ್ದೂ ಅಂಥದೇ ಒಂದು ಕೋಣೆಯಲ್ಲಿ.

ಬೆಳಿಗ್ಗೆ ಒಂಬತ್ತೂವರೆಗೆ ಅವಳು ಬಸ್ಸಿಳಿದಾಗ ಮಂಜು ಹತ್ತು ಮಾರು ದೂರದ ಗಿಡವನ್ನೂ ಬಿಟ್ಟುಕೊಡುತ್ತಿರಲಿಲ್ಲ. ಚೀಲದಲ್ಲಿ ಗಡಿಯಾರಕ್ಕೆ ಹಾಕುವ ಬಿಲ್ಲೆ ಬ್ಯಾಟರಿ, ಸ್ಕ್ರೂಡ್ರೈವರು, ಜೊತೆಗೆ ಹೊಸದಾಗಿ ನೆಡಬೇಕಿದ್ದ ನಾಲ್ಕನೇ ಕಂಬಕ್ಕೆ, ಉಳಿದ ಮೂರರಂಥದೇ ಹಳೆಯ ಯಂತ್ರ. ಬಿಲ್ಲೆ ಬದಲಾಯಿಸುವ ಕೆಲಸಕ್ಕೆ ಲ್ಯಾಪ್‌ಟಾಪ್ ಯಾಕೆ ಎಂದು ಅದನ್ನು ಅಂಗಡಿಯಲ್ಲೇ ಬಿಟ್ಟು ಬಂದಿದ್ದಳು.

ಆಫೀಸಿನ ಗುಮಾಸ್ತ ಭೋಜನ್ ಕೋತಗಿರಿ ಕಡೆಯ ಬಡಗರವನು, ಐವತ್ತು ದಾಟಿದವನು, ಮಾತಿಗೆ ಮುಂಚೆ ನಗುವವನು.

"ಬಾ ಮಾ, ನಿನ್ನ ಮಿಷನ್ ನೋಡು ಬಾ. ಆನೆ ಬಂದಿದ್ದು ಎಂಟು ಲಕ್ಷ ಗಂಟೆಗಂತೆ! ನಮ್ಮ ಊರಿನ ಮದುವೆ ಮುಹೂರ್ತ ಕೂಡ ಅಷ್ಟು ತಡ ಆಗಲ್ಲ."

"ಆನೆ ಬಂದಿತ್ತಾ?" ವೀಣಾ ಕೇಳಿದಳು.

"ಎಲ್ಲಿ ಮಾ, ಹನ್ನೊಂದು ದಿನದಿಂದ ಒಂದೂ ಇಲ್ಲ. ಇದು ಬರೀ ಟೆಸ್ಟು. ನಿಮ್ಮ ಮಾವ ದಿನಾ ಬೆಳಿಗ್ಗೆ ಮಾಡ್ತಾನಲ್ಲ, ಅದು."

ಮಾವ ಎಂದರೆ ಗುರುಸ್ವಾಮಿ, ಕೆಂಪಾಜಮ್ಮನ ತಮ್ಮ, ಎಸ್ಟೇಟಿನ ವಾಚ್‌ಮ್ಯಾನು. ದಿನಾ ಆರು ಗಂಟೆಗೆ ತುದಿಗೆ ಹಳೇ ಕಂಬಳಿ ಸುತ್ತಿದ ಉದ್ದನೆಯ ಬಿದಿರೊಂದು ಅವನ ಹೆಗಲೇರುತ್ತದೆ. ಮೂರೂ ಕಂಬಕ್ಕೆ ನಡೆದು, ಬಿದಿರನ್ನು ಆನೆಯಷ್ಟು ಎತ್ತರಕ್ಕೆ ಎತ್ತಿ ಗೆರೆ ಕಡಿದು, ಸೈರನ್ ಕೇಳಿಸಿದ ಮೇಲೆ ಮುಂದಕ್ಕೆ ಹೋಗುತ್ತಾನೆ.

ವೀಣಾ ಡಬ್ಬಿಯ ಮುಚ್ಚಳ ತೆಗೆದು ಬಿಲ್ಲೆ ಬದಲಾಯಿಸಿದಳು. ಆಮೇಲೆ ನೋಡಿದರೆ ಹಳೆಯ ಬಿಲ್ಲೆಯಲ್ಲೂ ಜೀವವಿತ್ತು. ಡಬ್ಬಿಯ ಸ್ವಂತ ಗಡಿಯಾರ ಮೊದಲಿಂದಲೂ ಸರಿಯಾಗೇ ನಡೆಯುತ್ತಿತ್ತು. ಕೆಟ್ಟಿದ್ದದ್ದು ಕಂಬದಿಂದ ಬಂದ ಸುದ್ದಿಯೊಳಗಿನ ಸಮಯ. ಅವಳಿಗೆ ಮತ್ತೆ ಸಿಟ್ಟು ಬಂತು, ಈ ಸಲ ಕಂಬಗಳ ಮೇಲೆ. ಮೂರು ಕಂಬದ ಗಡಿಯಾರವೂ ಒಟ್ಟಿಗೆ ಕೆಡುವುದುಂಟೆ?

"ನಿನ್ನೆ ಸಂಜೆ ಆಚೆ ಎಸ್ಟೇಟಲ್ಲಿ ಒಂಟಿ ಕೊಂಬಿನವನು ಕಂಡನಂತೆ," ಭೋಜನ್ ಟೀ ಬಗ್ಗಿಸುತ್ತ ಹೇಳಿದ. "ವಾಟ್ಸಾಪಲ್ಲಿ ಬಂತು. ಆದ್ರೆ ನಮ್ಮ ಸೈರನ್ ಕೂಗಿಲ್ಲ. ಅದಕ್ಕೇ ಧೈರ್ಯವಾಗಿ ಏಳನೇ ನಂಬರಿಗೆ ಆಳು ಕಳಿಸಿದ್ವಿ. ಮೊದಲಾಗಿದ್ರೆ ಪಟಾಕಿ ಹಿಡಿದು ಇಬ್ಬರು ಮುಂದೆ ಹೋಗಬೇಕಿತ್ತು. ಈಗ ಆ ತಾಪತ್ರಯ ಇಲ್ಲ."

ವೀಣಾ ಹೂಂಗುಟ್ಟಿದಳು. ಕಣ್ಣು ಪರದೆಯ ಮೇಲಿತ್ತು. ಕಡೆಯ ಹತ್ತು ಸುದ್ದಿಗಳು ಅಲ್ಲಿ ಸಾಲಾಗಿ ನಿಂತಿದ್ದವು. ಕಂಬ ಒಂದು, ಎರಡು, ಮೂರು: ಎಲ್ಲಾ ಸರಿ. ಸಮಯ: ಎಲ್ಲಾ ಹುಚ್ಚು. ಚಾರ್ಜು: ಮೂರಕ್ಕೂ ತೊಂಬತ್ತರ ಆಸುಪಾಸು. ಅಲ್ಲಿ ಅವಳ ಬೆರಳು ನಿಂತಿತು. ಮೂರನೇ ಕಂಬದ ಬ್ಯಾಟರಿ ಹಳೆಯದು, ಏನು ಮಾಡಿದರೂ ಅರವತ್ತು ದಾಟುವುದಿಲ್ಲ. ಅವಳೇ ಅಳೆದು ನೋಡಿದ್ದಳು.

ಹಾಗಾದರೆ ಮೊದಲನೆಯ ಮಾತು ನಿಜ, ಅದರ ಹಿಂದಿನ ಎರಡೂ ಸುಳ್ಳು. ಗಡಿಯಾರ ಕೆಟ್ಟರೆ ಚಾರ್ಜು ಯಾಕೆ ಕೆಡಬೇಕು? ಒಂದರ ಹಿಂದೊಂದು ನಿಂತವರಲ್ಲಿ ಮುಂದಿನವನು ಮಾತ್ರ ತನ್ನ ಜಾಗದಲ್ಲಿದ್ದಾನೆ, ಹಿಂದಿನವರೆಲ್ಲ ಜರುಗಿದ್ದಾರೆ.

ಟೀ ಆರುತ್ತಿತ್ತು. ವೀಣಾ ಗೋಡೆಯ ಕ್ಯಾಲೆಂಡರಿನ ಹಳೆಯ ಹಾಳೆಯೊಂದನ್ನು ಹರಿದು, ಹಿಂಬದಿಯಲ್ಲಿ ಪಾಡಿಯ ಹಾಗೆ ಉದ್ದಕ್ಕೆ ಕೋಣೆಗಳನ್ನು ಗೀಚಿದಳು.

ಒಂದು ಕೋಣೆ ಅಂದರೆ ಒಂದು ಬೈಟು. ಕಂಬದ ಸಂಖ್ಯೆ ಒಂಟಿ ಆಳು, ಅವನಿಗೆ ಒಂದು ಕೋಣೆ. ಸಮಯ ನಾಲ್ವರ ಸಂಸಾರ, ನಾಲ್ಕು ಕೋಣೆ. ಚಾರ್ಜು ಇನ್ನೊಬ್ಬ ಒಂಟಿ ಆಳು. ಮುದಿ ಚಿಪ್ಪಿನ ಪಾಡಿಯಲ್ಲಿ ಯಾವ ನಿಯಮವೂ ಇಲ್ಲ, ಬಂದವರು ಪಕ್ಕದ ಕೋಣೆಗೆ ನುಗ್ಗಬಹುದು. ಒತ್ತೊತ್ತಾಗಿ ಆರು ಕೋಣೆ, ಮುಗಿಯಿತು. ಕಂಬಗಳಲ್ಲಿ ಈಗಲೂ ಇರುವುದು ಅದೇ ಮುದಿ ಚಿಪ್ಪು. ಅವು ಕಳಿಸುವುದು ಆರೇ ಬೈಟು.

ಹೊಸ ಚಿಪ್ಪು ಮಡಿವಂತ. ನಾಲ್ವರ ಸಂಸಾರ ನಾಲ್ಕರ ಲೆಕ್ಕದ ಬಾಗಿಲಿನಿಂದಲೇ ಶುರುವಾಗಬೇಕು: ಸೊನ್ನೆ, ನಾಲ್ಕು, ಎಂಟು. ಆದ್ದರಿಂದ ಒಂಟಿ ಆಳು ಸೊನ್ನೆಯಲ್ಲಿ ಕೂತರೆ ಒಂದು, ಎರಡು, ಮೂರು ಖಾಲಿ ಬಿಡಬೇಕು. ಸಂಸಾರ ನಾಲ್ಕರಿಂದ ಏಳರವರೆಗೆ. ಎರಡನೇ ಒಂಟಿ ಎಂಟರಲ್ಲಿ. ಅಷ್ಟಕ್ಕೂ ಬಿಡುವುದಿಲ್ಲ, ಪಕ್ಕದಲ್ಲಿ ಇಂಥದೇ ಇನ್ನೊಂದು ಪಾಡಿ ಬಂದರೆ ಅದೂ ನಾಲ್ಕರ ಲೆಕ್ಕಕ್ಕೇ ಕೂರಬೇಕಲ್ಲ, ಅದಕ್ಕಾಗಿ ಒಂಬತ್ತು, ಹತ್ತು, ಹನ್ನೊಂದೂ ಖಾಲಿ. ಆರು ಜನಕ್ಕೆ ಹನ್ನೆರಡು ಕೋಣೆ. ಓದುವಾಗ ಇದಕ್ಕೆ ಪ್ಯಾಡಿಂಗ್ ಎಂದು ಹೇಳಿಕೊಟ್ಟಿದ್ದರು. ಪರೀಕ್ಷೆಯಲ್ಲಿ ಇದೇ ಪ್ರಶ್ನೆ ಬಂದು ಅವಳಿಗೆ ಪೂರ್ತಿ ಅಂಕವೂ ಸಿಕ್ಕಿತ್ತು.

ಪ್ರೋಗ್ರಾಮಿನ ಆ ಸಾಲು ಅವಳ ಕಣ್ಣಮುಂದೆ ಬಂತು. 'ಈ ಸ್ಟ್ರಕ್ಚರ್ ಎಷ್ಟು ದೊಡ್ಡದೋ ಅಷ್ಟು ಬೈಟು ಬರುವ ತನಕ ಕಾಯಿ, ಆಮೇಲೆ ಓದು.' ಅಕ್ಷರ ಅದೇ, ಸಾಲು ಅದೇ. ಹಳೆಯ ಡಬ್ಬಿಯಲ್ಲಿ ಅದರ ಅರ್ಥ ಆರು, ಹೊಸದರಲ್ಲಿ ಹನ್ನೆರಡು. ಒಂದಕ್ಷರ ಬದಲಾಯಿಸಿಲ್ಲ ಸಾರ್.

ಕಂಬ ಕಳಿಸುವುದು ಆರು. ಡಬ್ಬಿ ಕಾಯುವುದು ಹನ್ನೆರಡಕ್ಕೆ. ಹಾಗಾದರೆ ಹನ್ನೊಂದು ದಿನ ಈ ಸೈರನ್ ಹೇಗೆ ಕೂಗಿತು? ಮಿಕ್ಕ ಆರನ್ನು ತಂದುಕೊಟ್ಟವರು ಯಾರು?

"ಭೋಜಣ್ಣ," ಎಂದಳು. "ಟೆಸ್ಟು ಮಾಡುವಾಗ ಮಾವ ಬಿದಿರು ಎಷ್ಟು ಸಲ ಎತ್ತುತ್ತಾನೆ?"

"ಎರಡು ಸಲ. ಅವನ ಶಾಸ್ತ್ರ ನಿನಗೆ ಗೊತ್ತಿಲ್ವಾ?"

ಗೊತ್ತಿತ್ತು. ಚಿಕ್ಕಂದಿನಿಂದ ಗೊತ್ತಿತ್ತು. ಕಾಡಂಚಿನ ಆ ಪಾಡಿಗಳಲ್ಲಿ ಒಂದೇ ಕೂಗಿಗೆ ಯಾರೂ ಓಗೊಡುವುದಿಲ್ಲ. "ಒಂದೇ ದಪ ಕೂಗೋದು ದೆವ್ವ ಕಣವ್ವ. ಮನುಸ ಅನ್ನೋನು ಎಲ್ಡ್ ದಪ ಕೂಗ್ಬೇಕು," ಎನ್ನುವುದು ಗುರುಸ್ವಾಮಿಯ ಮಾತು. ಬಾಗಿಲು ಬಡಿದರೂ ಎರಡು ಸಲ, ಹೆಸರು ಹಿಡಿದು ಕರೆದರೂ ಎರಡು ಸಲ. ಬಿದಿರು ಎತ್ತಿದರೂ ಅಷ್ಟೇ.

"ಹಳೇ ಡಬ್ಬಿ ಪೆದ್ದು, ಎರಡು ಸಲ ಎತ್ತಿದರೆ ಎರಡು ಸಲಾನೂ ಕೂಗ್ತಿತ್ತು," ಭೋಜನ್ ನಗುತ್ತಲೇ ಇದ್ದ. "ನಿಂದು ಜಾಣ. ಎರಡು ಸಲ ಎತ್ತಿದ ಮೇಲೆ ಒಂದೇ ಸಲ ಕೂಗುತ್ತೆ. ನಾವೆಲ್ಲ ಮೆಚ್ಚಿಕೊಂಡ್ವಿ, ಹೊಸ ಅಗಸ ಗೋಣಿ ಎತ್ತೆತ್ತಿ ಒಗೀತಾನೆ ಅಂತಾರೆ, ಇದು ಹಾಗಲ್ಲ ಅಂತ."

ಹನ್ನೊಂದು ದಿನ ಇದೇ ಸಂಗತಿ ಎಲ್ಲರ ಕಿವಿಗೂ ಬಿದ್ದಿತ್ತು, ಎಲ್ಲರೂ ಮೆಚ್ಚಿದ್ದರು. ಈ ಡಬ್ಬಿ ಮೊದಲ ಸುದ್ದಿಗೆ ಕೂಗುವುದೇ ಇಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡು ಇನ್ನೊಂದು ಬರಲಿ ಎಂದು ಕೂರುತ್ತದೆ. ಹಿಂಡಾದರೆ ಒಂದರ ಹಿಂದೆ ಒಂದು ಆನೆ ಗೆರೆ ಕಡಿಯುತ್ತದೆ, ಎರಡನೆಯದಕ್ಕಾದರೂ ಕೂಗೀತು. ಆದರೆ ಒಂಟಿ ಸಲಗ ಒಂದೇ ಸಲ ಕಡಿದು ತೋಟದೊಳಕ್ಕೆ ಬಂದುಬಿಡುತ್ತದೆ. ಅದೇ ಎಲ್ಲಕ್ಕಿಂತ ಕೆಟ್ಟದ್ದು.

"ಏಳನೇ ನಂಬರಿಗೆ ಫೋನು ಮಾಡಿ. ಈಗಲೇ ಮಾಡಿ!"

ಮೇಸ್ತ್ರಿ ಮಹಾಲಿಂಗಂನ ನಂಬರು ಒತ್ತಿದರೆ ವ್ಯಾಪ್ತಿ ಪ್ರದೇಶದ ಹೊರಗೆ ಎಂದಿತು. ಆ ಇಳಿಜಾರಿನಲ್ಲಿ ಸಿಗ್ನಲ್ ಸಿಕ್ಕ ದಿನವೇ ಇಲ್ಲ, ಅದಕ್ಕೇ ತಾನೇ ಸೈರನ್ ಹಾಕಿಸಿದ್ದು. ಅವರು ಕೀಳುತ್ತಿದ್ದ ಜಾಗಕ್ಕೆ ಇಳಿದು ಹೋಗಲು ಇಪ್ಪತ್ತು ನಿಮಿಷ. ವೀಣಾ ಮೂರೇ ಮಾತಿನಲ್ಲಿ ವಿಷಯ ಹೇಳಿದಳು. ಭೋಜನ್‌ನ ನಗು ಅಲ್ಲಿಗೆ ನಿಂತಿತು. ಅವನು ಗೋಡೆಯ ಕೆಂಪು ಗುಂಡಿಯ ಕಡೆಗೆ ನುಗ್ಗಿದ. ಅದು ಸೈರನ್ನನ್ನು ಕೈಯಿಂದ ಊದುವ ಗುಂಡಿ.

ವೀಣಾ ಅವನ ಮಣಿಕಟ್ಟು ಹಿಡಿದಳು. "ಎಷ್ಟು ಊದುತ್ತೀರಿ?"

ಅವನ ಕೈ ಗುಂಡಿಯಿಂದ ಹಿಂದೆ ಸರಿಯಿತು. ಆನೆ ಬಂದೇ ಇಲ್ಲದಿರಬಹುದು. ಬಂದಿದ್ದರೆ ಮೇಲಿಂದಲೋ, ಕೆಳಗಿಂದಲೋ? ಒಂದು ಊದಿದರೆ ಹನ್ನೆರಡು ಹೆಂಗಸರು ಹಳ್ಳದ ಕಡೆಗೆ ಧಾವಿಸುತ್ತಾರೆ. ಮೂರು ಊದಿದರೆ ಕಾಡಿನ ಕಡೆಗೆ. ಈ ಮಂಜಿನಲ್ಲಿ ಎದುರಿಗೆ ಏನು ನಿಂತಿದೆ ಎನ್ನುವುದು ತಾಗಿದ ಮೇಲೆಯೇ ತಿಳಿಯುವುದು. ಅರ್ಧ ಪಾಲು ಉಳಿಸುವುದು, ಅರ್ಧ ಪಾಲು ಕೊಲ್ಲುವುದು.

"ಕಂಬದ ನಂಬರು ಈ ಡಬ್ಬಿಯೊಳಗೇ ಇದೆ ಅಣ್ಣ," ಎಂದಳು ವೀಣಾ. "ಆನೆ ಬಂದಿದ್ದರೆ ಅದರ ಸುದ್ದಿ ಬಂದು ಒಳಗೆ ಕೂತಿದೆ. ಮೊದಲನೇ ಕೋಣೆ ಮಾತ್ರ ಸರಿಯಾಗಿ ಓದುತ್ತೆ ಇದು, ನಂಬರು ಇರೋದೂ ಅಲ್ಲೇ. ಇನ್ನು ಆರು ಬೈಟು ಕೊಟ್ಟರೆ ತಾನೇ ಬಾಯಿ ಬಿಡುತ್ತೆ."

ಲ್ಯಾಪ್‌ಟಾಪ್ ಇದ್ದಿದ್ದರೆ ತಂತಿ ಸಿಕ್ಕಿಸಿ ಒಂದು ಕ್ಷಣದಲ್ಲಿ ನೋಡಬಹುದಿತ್ತು. ಅದು ಗೂಡಲೂರಿನ ಅಂಗಡಿಯಲ್ಲಿ ಮಲಗಿತ್ತು. ಇದ್ದದ್ದು ಚೀಲದಲ್ಲಿನ ನಾಲ್ಕನೇ ಕಂಬದ ಯಂತ್ರ ಮಾತ್ರ. ಅದರ ಗೆರೆಯನ್ನು ಒಂದು ಸಲ ಕಡಿದರೆ ಆರು ಬೈಟು ಬರುತ್ತದೆ. ಒಳಗೆ ಯಾವ ಸುದ್ದಿಯೂ ಕಾಯುತ್ತಿಲ್ಲವಾದರೆ ಡಬ್ಬಿ ಸುಮ್ಮನಿರುತ್ತದೆ, ಆಗ ಜೀವಕ್ಕೆ ನೆಮ್ಮದಿ. ಕಾಯುತ್ತಿದ್ದರೆ ಅದರ ನಂಬರನ್ನೇ ಊದುತ್ತದೆ. ಯಂತ್ರವನ್ನು ಮೇಜಿನ ಮೇಲಿಟ್ಟು ಸ್ವಿಚ್ಚು ಒತ್ತಿದಳು. ದೀಪ ಹತ್ತಲಿಲ್ಲ. ಹತ್ತುವುದೆಲ್ಲಿಂದ, ಅದರ ಬ್ಯಾಟರಿಯನ್ನು ಗುರುಸ್ವಾಮಿ ಬೆಳಿಗ್ಗೆಯೇ ಹೊತ್ತುಕೊಂಡು ಫ್ಯಾಕ್ಟರಿ ರಸ್ತೆಯ ಕಡೆ ಕಂಬದ ಗುಂಡಿ ತೋಡುವ ಜಾಗಕ್ಕೆ ಹೋಗಿದ್ದ.

"ನಿಮ್ಮ ಬೈಕು!"

ಭೋಜನ್ ಯಾಕೆ ಎಂದು ಕೇಳಲಿಲ್ಲ. ಅಂಗಳಕ್ಕೆ ಓಡಿ, ಬೈಕಿನ ಪಕ್ಕದ ಮುಚ್ಚಳವನ್ನು ಬಿಚ್ಚುವ ತಾಳ್ಮೆಯಿಲ್ಲದೆ ಮುರಿದೇ ತೆಗೆದ. ವೀಣಾ ಬ್ಯಾಟರಿಯ ತಿರುಪು ಸಡಿಲಿಸುವಾಗ ಸ್ಕ್ರೂಡ್ರೈವರು ಎರಡು ಸಲ ಜಾರಿ ಬೆರಳು ಸೀಳಿತು. ಅವ್ವನ ಎಡಗಾಲಿನ ಮಂಡಿ ಸರಿಯಿಲ್ಲ, ಇಳಿಜಾರಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ ಬೀಳುತ್ತಾಳೆ, ಆದರೂ ತಂಡದವರೆಲ್ಲ ಮುಂದೆ ಹೋಗುವ ತನಕ ತಾನು ಕದಲುವುದಿಲ್ಲ. ಇದನ್ನೆಲ್ಲ ಈಗ ಯೋಚಿಸಬಾರದು ಎಂದುಕೊಂಡಷ್ಟೂ ಅದೇ ಯೋಚನೆ ಬಂತು.

ಕೆಂಪು ತಂತಿ, ಕಪ್ಪು ತಂತಿ. ಯಂತ್ರದ ಹಸಿರು ದೀಪ ಹತ್ತಿತು. ಗೂಟಕ್ಕೆ ಹಾಕುವ, ಬೆಳಕನ್ನು ತಿರುಗಿಸಿ ಕಳಿಸುವ ಕನ್ನಡಿಯನ್ನು ಭೋಜನ್‌ನ ಕೈಗೆ ಕೊಟ್ಟು ಬಾಗಿಲ ಬಳಿ ನಿಲ್ಲಿಸಿದಳು. "ಅಲ್ಲಾಡಬೇಡಿ. ಉಸಿರೂ ಬಿಡಬೇಡಿ."

ಗೆರೆ ಕೂಡಿಕೊಂಡಿತು. ವೀಣಾ ರಕ್ತ ಸೋರುತ್ತಿದ್ದ ಕೈಯನ್ನು ಅದಕ್ಕೆ ಅಡ್ಡ ಹಿಡಿದಳು. ಒಂದು ಸಲ.

ಆಫೀಸಿನ ಮಾಡಿನ ಮೇಲೆ ಸೈರನ್ ಊದಿತು.

ಹೆಂಚು ನಡುಗುವಂಥ ಆ ಸದ್ದಿಗೆ ಭೋಜನ್‌ನ ಕೈಯಿಂದ ಕನ್ನಡಿ ಕೆಳಗೆ ಬಿತ್ತು. ಬಂದಿದೆ. ಆನೆ ಬಂದಿದೆ. ಎಷ್ಟು ಹೊತ್ತಾಯಿತೋ, ಸುದ್ದಿ ಬಂದು ಒಳಗೆ ಕೂತಿತ್ತು. ಒಂದು ಊದು ಮುಗಿಯಿತು. ವೀಣಾ ಕಣ್ಣು ಮುಚ್ಚಿದಳು. ಎರಡನೆಯದು ಶುರುವಾಯಿತು, ಮುಗಿಯಿತು. ಇಲ್ಲಿಗೇ ನಿಂತರೆ ಆನೆ ಬೇರೆ ದಿಕ್ಕಿನಲ್ಲಿ, ಫ್ಯಾಕ್ಟರಿ ರಸ್ತೆಯಲ್ಲಿ, ಗುಂಡಿ ತೋಡುತ್ತಿರುವ ಮಾವನ ಹತ್ತಿರ. ಮೂರನೆಯದೂ ಊದಿತು. ಆಮೇಲೆ ಸದ್ದು ನಿಂತಿತು.

"ಹಳ್ಳದಿಂದ," ಭೋಜನ್ ಪಿಸುಗುಟ್ಟಿದ. "ಮೇಲಕ್ಕೆ ಓಡ್ತಾರೆ. ಸರಿಯಾಗೇ ಓಡ್ತಾರೆ."

ಇಲ್ಲ, ಓಡುವುದಿಲ್ಲ. ಅದು ವೀಣಾಗೆ ಆ ಕ್ಷಣದಲ್ಲೇ ಹೊಳೆಯಿತು. ಕೆಳಗೆ ಹನ್ನೆರಡು ಹೆಂಗಸರು ಕೀಳುವುದನ್ನು ನಿಲ್ಲಿಸಿ, ತಲೆಯೆತ್ತಿ, ಕಿವಿಗೊಟ್ಟು ನಿಂತಿದ್ದಾರೆ. ಮೂರು ಊದು ಸೇರಿ ಅವರಿಗೆ ಒಂದೇ ಕೂಗು, ಇನ್ನೊಂದು ಬರಲಿ ಎಂದು ಕಾಯುತ್ತಿದ್ದಾರೆ. ಅವ್ವ ಕೈ ಅಡ್ಡ ಹಿಡಿದು, ತಡೀರವ್ವ ಎನ್ನುತ್ತಿದ್ದಾಳೆ. ಡಬ್ಬಿ ಮಾಡಿದ್ದನ್ನೇ ಅವರೂ ಮಾಡುತ್ತಿದ್ದಾರೆ.

ಅವಳು ಗೋಡೆಗೆ ಹಾರಿ ಕೆಂಪು ಗುಂಡಿಯ ಮೇಲೆ ಅಂಗೈ ಇಟ್ಟಳು. ಈಗ ಎಣಿಕೆ ಗೊತ್ತಿತ್ತು. ಒತ್ತಿದಳು, ಬಿಟ್ಟಳು. ಒತ್ತಿದಳು, ಬಿಟ್ಟಳು. ಒತ್ತಿದಳು.

ಎಲೆ ತೂಗುವ ಶೆಡ್ಡು ಆಫೀಸಿನಿಂದ ಕೂಗಳತೆ ದೂರ. ಇಬ್ಬರೂ ಅಲ್ಲಿಗೆ ಓಡಿ ಕಾಂಕ್ರೀಟು ಮೆಟ್ಟಿಲ ಮೇಲೆ ನಿಂತರು. ಕೆಳಗೆ ಬರೀ ಬಿಳುಪು. ಮೊದಲು ಕೇಳಿಸಿದ್ದು ಕಾಲಸದ್ದು, ಆಮೇಲೆ ಏದುಸಿರು. ಮಂಜಿನೊಳಗಿಂದ ಪಾಪಾತಿ ಬಂದಳು, ಅವಳ ಹಿಂದೆ ವಸಂತಾಮಣಿ, ಆಮೇಲೆ ಇಬ್ಬರು, ಆಮೇಲೆ ಮೂವರು ಒಟ್ಟಿಗೆ. ಮೇಸ್ತ್ರಿ ಮಹಾಲಿಂಗಂ ಒಬ್ಬ ಮುದುಕಿಯನ್ನು ಎಳೆದುಕೊಂಡೇ ಬಂದ. ವೀಣಾ ಎಣಿಸಿದಳು. ಹೆಂಗಸರು ಎಂಟಾಯಿತು. ಹತ್ತಾಯಿತು. ಹನ್ನೊಂದಾಯಿತು.

ಹನ್ನೊಂದಕ್ಕೆ ನಿಂತಿತು.

ಕೆಳಗೆಲ್ಲೋ ಟೀ ಗಿಡ ಲಟಲಟನೆ ಮುರಿಯುವ ಸದ್ದು. ಗಾಳಿಗೆ ಹಾಗೆ ಮುರಿಯುವುದಿಲ್ಲ. ವೀಣಾ ಎರಡು ಮೆಟ್ಟಿಲು ಇಳಿದಳು, ಭೋಜನ್ ಅವಳ ಚೂಡಿದಾರದ ತೋಳು ಹಿಡಿದು ಹಿಂದಕ್ಕೆ ಜಗ್ಗಿದ. "ಅವ್ವಾ!" ಎಂದು ಕೂಗಿದಳು. ಉತ್ತರವಿಲ್ಲ. ಬೇಕಾದರೂ ಬೇಡವಾದರೂ ಆ ಶಾಸ್ತ್ರ ಅವಳ ನಾಲಿಗೆಗೂ ಬಂತು. "ಅವ್ವಾ!" ಎಂದು ಇನ್ನೊಮ್ಮೆ ಕೂಗಿದಳು.

"ಓ!" ಎಂದಿತು ಮಂಜು.

ಕೆಂಪಾಜಮ್ಮ ನಾಲ್ಕು ಕಾಲಿನಲ್ಲಿ ಹತ್ತಿ ಬರುತ್ತಿದ್ದಳು, ಕೈಯನ್ನೂ ಊರಿಕೊಂಡು. ಕಾಲಲ್ಲಿ ಬೂಟಿರಲಿಲ್ಲ. ಬೆನ್ನಿಗೆ ಎಲೆಯ ಚೀಲವಿರಲಿಲ್ಲ. ಮೂವತ್ತೈದು ವರ್ಷದಲ್ಲಿ ಆಕೆ ಚೀಲ ಬಿಟ್ಟು ಬಂದದ್ದು ಅದೇ ಮೊದಲು. ಮಹಾಲಿಂಗಂ ಅವಳನ್ನು ತೋಳು ಹಿಡಿದು ಮೆಟ್ಟಿಲ ಮೇಲಕ್ಕೆ ಎತ್ತಿಕೊಂಡ. ಮಂಜು ಒಂದು ಕ್ಷಣ ಹರಿದು, ಮೂವತ್ತು ಮಾರು ಕೆಳಗೆ, ಅವರು ಆಗಷ್ಟೇ ಹಾದು ಬಂದ ಸಾಲಿನಲ್ಲಿ, ಒಂದೇ ಕೊಂಬಿನ ತಲೆ ಕಾಣಿಸಿತು. ಅದು ಕೆಂಪಾಜಮ್ಮನ ಚೀಲವನ್ನು ಸೊಂಡಿಲಿನಿಂದ ಎತ್ತಿ, ಮೂಸಿ, ಕಾಲಡಿ ಹಾಕಿ, ಮತ್ತೆ ಮಂಜಿನೊಳಕ್ಕೆ ಹೋಯಿತು.

ಉಸಿರು ತಿರುಗಿದ ಮೇಲೆ ಕೆಂಪಾಜಮ್ಮ ಮಗಳ ಗಲ್ಲ ಹಿಡಿದಳು. "ಮೊದಲ್ನೇ ಕೂಗ್ಗೆ ಯಾರೂ ಕದಲ್ನಿಲ್ಲ ಕಣವ್ವ. ನಾನೇ ತಡುದ್ ನಿಲ್ಸಿದ್ದೆ. ಎಲ್ಡ್ನೇದು ಬಂತು ನೋಡು, ಎದ್ನೊ ಬಿದ್ನೊ ಅಂತ ಓಡ್ದೊ." ಎಲ್ಲರ ಕಡೆ ತಿರುಗಿ, "ನಾನ್ ಏಳ್ನಿಲ್ವಾ? ನನ್ ಮಗಳ ಮಿಷನ್ನು!" ಎಂದಳು.

ಸುಮ್ಮನಿದ್ದುಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಭೋಜನ್ ನೆಲ ನೋಡುತ್ತ ನಿಂತಿದ್ದ, ಅವನು ಹೇಳುವವನಲ್ಲ. ವೀಣಾಗೆ ಆ ಹೊಗಳಿಕೆ ಕೆನ್ನೆಗೆ ಹೊಡೆದ ಹಾಗಾಯಿತು.

"ಮಿಷನ್ ಕೂಗಲಿಲ್ಲವ್ವ," ಎಂದಳು. "ಆನೆ ಬಂದ ಸುದ್ದಿ ಅದಕ್ಕೆ ತಿಳಿದಿತ್ತು, ತಿಳಿದೂ ಸುಮ್ಮನೆ ಕೂತಿತ್ತು. ಹನ್ನೊಂದು ದಿನದಿಂದ ಹಾಗೇ ಇತ್ತು. ನಾನು ಹಳೇದನ್ನ ಹಾಗೇ ತುಂಬಿಸಿಬಿಟ್ಟೆ, ಹೊಸದರ ಅಳತೆ ನೋಡಲಿಲ್ಲ. ತಪ್ಪು ನಂದು."

ಪಾಪಾತಿ, ಇನ್ನೂ ಏದುಸಿರು ಬಿಡುತ್ತಲೇ, "ಅದನ್ನ ನಂಬಿಕೊಂಡು ನಾವು ಪಟಾಕಿ ಕೂಡ ಇಲ್ಲದೆ ಹೋಗ್ತಿದ್ವಲ್ಲ," ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕೆಂಪಾಜಮ್ಮ ಮಗಳ ಗಲ್ಲದಿಂದ ಕೈ ತೆಗೆದಳು. ತೆಗೆದ ಕೈಯಿಂದಲೇ ಅವಳ ಸೀಳಿದ ಬೆರಳನ್ನು ಹಿಡಿದುಕೊಂಡು, ಸೆರಗಿನ ಅಂಚು ಹರಿದು ಸುತ್ತಿದಳು.

ಭೋಜನ್‌ನ ಬೈಕಿಗೆ ಬ್ಯಾಟರಿ ವಾಪಸ್ ಕೂರಿಸಿ, ಅದರಲ್ಲೇ ಗೂಡಲೂರಿಗೆ ಹೋಗಿ ಲ್ಯಾಪ್‌ಟಾಪ್ ತಂದದ್ದಾಯಿತು. ಎರಡು ಗಂಟೆಗೆ ವೀಣಾ ಡಬ್ಬಿಯ ಮುಂದೆ ಕೂತಳು. ದೊಡ್ಡ ಸಂಸಾರವನ್ನು ಮೊದಲು ಕೂರಿಸಿ ಒಂಟಿಗಳನ್ನು ಹಿಂದೆ ಹಾಕಿದರೆ ಹನ್ನೆರಡು ಎಂಟಕ್ಕೆ ಇಳಿಯುತ್ತಿತ್ತು, ಆದರೆ ಎಂಟೂ ಆರಲ್ಲ, ಕಂಬ ಕಳಿಸುವ ಸಾಲೂ ಅದಲ್ಲ. ಆದ್ದರಿಂದ ಆ ಕಾಯುವ ಸಾಲನ್ನೇ ಅಳಿಸಿದಳು. ಆರು ಬೈಟು ಬಂದ ಕೂಡಲೇ ಒಂದೊಂದನ್ನೂ ಕೈಹಿಡಿದು ಅದರದರ ಕೋಣೆಗೆ ಬಿಟ್ಟುಬರುವ ಹಾಗೆ ಬರೆದಳು. ಒಂದಕ್ಷರ ಅಲ್ಲ, ಹದಿನೆಂಟು ಸಾಲು ಬದಲಾಯಿಸಿದಳು. ಬರೆದದ್ದನ್ನು ಮೂರು ಸಲ ಓದಿದಳು.

ಮೂರು ಗಂಟೆಗೆ ಮಂಜು ಹರಿದಿತ್ತು. ಆನೆ ಹಳ್ಳ ದಾಟಿ ಆಚೆ ಹೋದದ್ದನ್ನು ಅರಣ್ಯದವರು ನೋಡಿ ಹೇಳಿದ ಮೇಲೆ, ವೀಣಾ ಗುರುಸ್ವಾಮಿಯ ಜೊತೆ ಒಂದನೇ ಕಂಬಕ್ಕೆ ಹೋದಳು. ಪಾಡಿಯ ಹೆಂಗಸರೆಲ್ಲ ಶೆಡ್ಡಿನ ಮುಂದೆ ನಿಂತು ನೋಡುತ್ತಿದ್ದರು.

"ಒಂದೇ ಸಲ ಎತ್ತು ಮಾವ."

ಗುರುಸ್ವಾಮಿ ಬಿದಿರನ್ನು ಕೆಳಗಿಟ್ಟ. "ಆಗಲ್ಲ ಕಣವ್ವ. ನಲ್ವತ್ತು ವರ್ಸದ ಅಬ್ಯಾಸ. ಒಂದೇ ದಪ ಕೂಗುದ್ರೆ ಯಾವ್ದಾದ್ರೂ ಬಂದು ನಿಂತ್ಕತದೆ."

"ಬಂದು ನಿಂತಿದ್ದೇ ಎರಡು ಸಲದಿಂದ ಮಾವ. ನೀನು ದಿನಾ ಎರಡನೇ ಕೂಗು ಕೊಟ್ಟೆ, ಅದಕ್ಕೇ ನನ್ನ ತಪ್ಪು ಹನ್ನೊಂದು ದಿನ ಕಾಣಲಿಲ್ಲ. ಆನೆ ಎರಡು ಸಲ ಬರಲ್ಲ."

ಅವನು ಅವಳನ್ನು ನೋಡಿದ, ಕಂಬವನ್ನು ನೋಡಿದ. ಬಿದಿರು ಎತ್ತಿದ. ಕಂಬಳಿ ಗೆರೆ ಕಡಿದು ಕೆಳಗಿಳಿಯಿತು. ಇಳಿದ ಕೂಡಲೇ ತೋಳು ತಾನಾಗಿಯೇ ಮತ್ತೆ ಮೇಲಕ್ಕೆದ್ದಿತು. ವೀಣಾ ಎರಡೂ ಕೈಯಲ್ಲಿ ಬಿದಿರನ್ನು ಹಿಡಿದು ನಿಲ್ಲಿಸಿದಳು. ಇಬ್ಬರೂ ಅದನ್ನು ಹಿಡಿದೇ ನಿಂತರು.

ಕೆಳಗೆ ಸೈರನ್ ಊದಿತು, ಒಂದೇ ಒಂದು ಊದು. ಅದರ ಸದ್ದು ಕಣಿವೆಯಲ್ಲಿ ಅಡಗುವ ತನಕ ಶೆಡ್ಡಿನ ಮುಂದೆ ಹೆಂಗಸರು ಕದಲಲಿಲ್ಲ, ಕಿವಿಗೊಟ್ಟು ನಿಂತೇ ಇದ್ದರು. ಎರಡನೆಯದು ಬರಲಿಲ್ಲ.

ಆಗ ಕೆಂಪಾಜಮ್ಮ ಗುಂಪಿನಿಂದ ಎರಡು ಹೆಜ್ಜೆ ಮುಂದೆ ಬಂದು, ಮಂಡಿಯ ಮೇಲೆ ಕೈಯೂರಿ, ಮಗಳು ನಿಂತಿದ್ದ ಕಡೆಗೆ ಮುಖವೆತ್ತಿ ಗಟ್ಟಿಯಾಗಿ "ಓ!" ಎಂದಳು.